ಮತ್ತೆ ಅಡ್ಡ ಹಾಳೆಗೆ

ನಾನು ಬರೆದ ಹಳೆಯ ಚಿತ್ರಗಳನ್ನು ವರ್ಷವಾರು ಜೋಡಿಸುತ್ತಿದ್ದೆ. ಯಾವುದೋ ಒಂದು ವರ್ಷದಿಂದೀಚೆಗೆ ಅಡ್ಡ ಚಿತ್ರಗಳೇ ಇಲ್ಲ. ಎಲ್ಲವೂ ಉದ್ದುದ್ದ, 1080ಕ್ಕೆ 1350 ಪಿಕ್ಸೆಲ್, ಅಂದರೆ 4:5. ಹಾಗೆ ಬರಿ ಎಂದು ಯಾರೂ ಹೇಳಿರಲಿಲ್ಲ. ಫೋನಿನ ಪರದೆಯಲ್ಲಿ ಜಾಸ್ತಿ ಜಾಗ ಹಿಡಿಯುತ್ತದೆ ಅಂತ ನಾನೇ ಹಾಳೆ ತಿರುಗಿಸಿಕೊಂಡಿದ್ದೆ, ಆಮೇಲೆ ತಿರುಗಿಸಿದ್ದೇ ಮರೆತುಹೋಗಿತ್ತು. ನದಿ, ಬಯಲು, ಸಾಲಾಗಿ ನಿಂತ ಜನ, ಇವೆಲ್ಲ ನನ್ನ ಚಿತ್ರಗಳಿಂದ ಸದ್ದಿಲ್ಲದೆ ಹೊರಟುಹೋಗಿದ್ದವು. ಖಾಸಗಿತನದ ಬಗ್ಗೆ, ಎಐ ತರಬೇತಿಗೆ ಚಿತ್ರ ಬಳಸುವುದರ ಬಗ್ಗೆ ಸಿಟ್ಟು ಮೊದಲೇ ಇತ್ತು. ಆದರೆ ಸಿಟ್ಟಿಗೆ ನಾನು ಯಾವುದನ್ನೂ ಬಿಟ್ಟವಳಲ್ಲ. ದೊಡ್ಡ ಸಾಮಾಜಿಕ ಜಾಲತಾಣಗಳನ್ನು ನನ್ನಿಂದ ಬಿಡಿಸಿದ್ದು ಆ ಚಿತ್ರಗಳ ಫೋಲ್ಡರ್.

ಬಿಟ್ಟು ಮುಗಿಸಲು 14 ತಿಂಗಳು ಹಿಡಿಯಿತು.

ಮೊದಲು ಕೊಂಡಿದ್ದು ಸ್ವಂತ ಡೊಮೇನ್, ಅಂದರೆ ನನ್ನದೇ ವೆಬ್ ವಿಳಾಸ. ಡೊಮೇನ್ ಒಂದು ಕಂಪನಿಯಲ್ಲಿ, ಹೋಸ್ಟಿಂಗ್ (ಸೈಟನ್ನು ಇಡುವ ಜಾಗ) ಇನ್ನೊಂದರಲ್ಲಿ, ಇಮೇಲ್ ಮೂರನೆಯದರಲ್ಲಿ. ಬೇಕೆಂದೇ ಹಾಗೆ ಮಾಡಿದೆ. ಹೋಸ್ಟಿಂಗ್, ಇಮೇಲ್ ಕಂಪನಿಗಳಲ್ಲಿ ಯಾರ ಜೊತೆ ಸರಿಹೋಗದಿದ್ದರೂ ಡಿಎನ್‌ಎಸ್‌ನಲ್ಲಿ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಪಟ್ಟಿ) ಎರಡು ಸಾಲು ಬದಲಿಸಿದರೆ ಸಾಕು, ಹೊರಗಿನವರಿಗೆ ನನ್ನ ವಿಳಾಸ ಅದೇ ಇರುತ್ತದೆ. ಸೈಟು ಡೇಟಾಬೇಸ್ ಇಲ್ಲದ ಬರೀ ಎಚ್‌ಟಿಎಂಎಲ್ ಪುಟಗಳು. ಜೊತೆಗೊಂದು ಆರ್‌ಎಸ್‌ಎಸ್ ಫೀಡ್, ಸೈಟಿನಲ್ಲಿ ಹೊಸದೇನು ಬಂದಿದೆ ಎಂದು ಓದುಗರ ಆ್ಯಪ್‌ಗೆ ತಿಳಿಸುವ ಕಡತ. 2013ರ ಜುಲೈನಲ್ಲಿ ಅಂಥ ಫೀಡ್ ಓದಿಸುವ ಗೂಗಲ್ ರೀಡರ್ ಮುಚ್ಚಿದಾಗ ಆರ್‌ಎಸ್‌ಎಸ್ ಕಥೆ ಮುಗಿಯಿತು ಅಂದುಕೊಂಡಿದ್ದೆ. ಪಾಡ್‌ಕಾಸ್ಟ್‌ಗಳು ಇವತ್ತಿಗೂ ಅದರ ಮೇಲೆಯೇ ಓಡುತ್ತಿವೆ ಅಂತ ಗೊತ್ತಾಗಿದ್ದು ಆಮೇಲೆ.

ನಂತರ ಹಳೆಯ ಖಾತೆಯಿಂದ ನನ್ನದೆಲ್ಲವನ್ನೂ ಡೌನ್‌ಲೋಡ್ ಮಾಡಿಕೊಂಡೆ. ಅಲ್ಲಿ ಕಾದಿದ್ದವು ಎರಡು ಪೆಟ್ಟು. ಚಿತ್ರಗಳು ಬಂದವು, ಆದರೆ 1080 ಪಿಕ್ಸೆಲ್ ಅಗಲಕ್ಕೆ ಇಳಿಸಿದ ಪ್ರತಿಗಳು. ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ 3.6 ಇಂಚು ಅಗಲ, ಅಂಗೈಯಷ್ಟು. ಮೂಲ ಕಡತ ನನ್ನಲ್ಲಿ ಉಳಿಯದ 30-40 ಚಿತ್ರಗಳು ಇನ್ನು ಅಷ್ಟೇ. ಎರಡನೆಯದು, ಕನ್ನಡದಲ್ಲಿ ಬರೆದ ಟಿಪ್ಪಣಿಗಳೆಲ್ಲ ಕಲಸುಮೇಲೋಗರ. ಒಂದು 'ಕ' ಇರಬೇಕಾದಲ್ಲಿ ಮೂರು ವಿಚಿತ್ರ ಚಿಹ್ನೆ. ಯುಟಿಎಫ್-8 ಎಂಬ, ಕಂಪ್ಯೂಟರ್‌ನಲ್ಲಿ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿಯಲ್ಲಿ ನಮ್ಮ ಪ್ರತಿ ಅಕ್ಷರಕ್ಕೂ, ಪ್ರತಿ ಕೊಂಬಿಗೂ 3 ಬೈಟ್ ಬೇಕು. ಆ ಕಡತದಲ್ಲಿ ಒಂದೊಂದು ಬೈಟನ್ನೂ ಬೇರೆ ಬೇರೆ ಲ್ಯಾಟಿನ್ ಅಕ್ಷರವೆಂದು ಬರೆದಿಟ್ಟಿದ್ದರು. ಅವನ್ನು ಲ್ಯಾಟಿನ್-1 (ಒಂದು ಅಕ್ಷರಕ್ಕೆ ಒಂದೇ ಬೈಟ್ ಎನ್ನುವ ಹಳೆಯ ಪದ್ಧತಿ) ಆಗಿ ಬೈಟಿಗಿಳಿಸಿ ಮತ್ತೆ ಯುಟಿಎಫ್-8 ಆಗಿ ಓದಿಸುವ ಎರಡು ಸಾಲಿನ ಪೈಥಾನ್ ಪ್ರೋಗ್ರಾಂನಿಂದ ಎಲ್ಲ ವಾಪಸ್ ಬಂತು. ನೀವೂ ಹೊರಡುವವರಾದರೆ ಖಾತೆ ಅಳಿಸುವ ಮೊದಲು ಜಿಪ್ ಬಿಚ್ಚಿ, ನಾಲ್ಕು ಟಿಪ್ಪಣಿ ಓದಿ ನೋಡಿ. ಬಿಚ್ಚದ ಜಿಪ್ ಬ್ಯಾಕಪ್ ಅಲ್ಲ.

ಆ ಜಿಪ್‌ನಲ್ಲಿ ಜನ ಇರಲಿಲ್ಲ. ಫಾಲೋವರ್‌ಗಳ ಹೆಸರಿನ ಪಟ್ಟಿ ಇತ್ತು, ಅವರನ್ನು ತಲುಪುವ ದಾರಿ ಇರಲಿಲ್ಲ. ಹಾಗಾಗಿ ಇಮೇಲ್ ಪತ್ರ ಶುರುಮಾಡಿದೆ. ಮೂರು ತಿಂಗಳು ಪ್ರತಿ ಪೋಸ್ಟಿನ ಕೆಳಗೆ 'ಇನ್ನು ಪತ್ರದಲ್ಲಿ ಸಿಗೋಣ' ಅಂತ ಹಾಕಿದೆ. 11,000 ಜನರಲ್ಲಿ ಬಂದವರು ಸುಮಾರು 150. ಆಮೇಲೆ ನಾಚಿಕೆ ಬಿಟ್ಟು, ಪ್ರಿಂಟ್ ಕೊಂಡವರಿಗೆ, ಸದಾ ಮಾತಾಡಿಸುತ್ತಿದ್ದವರಿಗೆ ಒಬ್ಬೊಬ್ಬರಿಗೇ ಬರೆದೆ. ಇನ್ನೂ 190 ಜನ ಬಂದರು. 340 ವಿಳಾಸ, ಒಂದು ಸರಳ ಪಟ್ಟಿಯ ಕಡತ (ಸಿಎಸ್‌ವಿ), ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ.

ಮೊದಲ ಪತ್ರ ಮುಕ್ಕಾಲು ಪಾಲು ಸ್ಪ್ಯಾಮ್‌ಗೆ ಹೋಯಿತು. ತಪ್ಪು ನನ್ನದೇ. ಈ ಡೊಮೇನ್ ಪರವಾಗಿ ಯಾವ ಸರ್ವರ್ ಕಳಿಸಬಹುದು ಅಂತ ಹೇಳುವುದು ಎಸ್‌ಪಿಎಫ್, ಪತ್ರಕ್ಕೆ ಹಾಕುವ ಸಹಿ ಡಿಕೆಐಎಂ, ಎರಡೂ ಹೊಂದದಿದ್ದರೆ ಏನು ಮಾಡಬೇಕೆಂದು ತಿಳಿಸುವುದು ಡಿಮಾರ್ಕ್. ನಾನು ಒಂದನ್ನೂ ಹಾಕಿರಲಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಈ ವಿಷಯದಲ್ಲಿ ಬಿಗಿಯಾಗಿವೆ. ದೊಡ್ಡವರನ್ನು ಬಿಟ್ಟು ಬಂದೆ ಅಂತ ಬೀಗುತ್ತಿದ್ದೆ, ಓದುಗರ ಅಂಚೆಪೆಟ್ಟಿಗೆಗಳು ಅವರ ಮನೆಯಲ್ಲೇ ಇದ್ದವು!

ಇದಕ್ಕಿಂತ ದೊಡ್ಡ ಪೆದ್ದತನ ಇನ್ನೊಂದಿದೆ. ಡೊಮೇನ್ ಕಂಪನಿಯ ಲಾಗಿನ್‌ಗೆ ಅದೇ ಡೊಮೇನಿನ ಇಮೇಲ್ ಕೊಟ್ಟಿದ್ದೆ. ಕಾರ್ಡಿನ ಅವಧಿ ಮುಗಿದು ನವೀಕರಣ ತಪ್ಪಿತು, ಎಚ್ಚರಿಕೆಯ ಪತ್ರಗಳನ್ನು ಕೆಲಸದ ಗಡಿಬಿಡಿಯಲ್ಲಿ ಓದಲಿಲ್ಲ. ಒಂದು ಬೆಳಿಗ್ಗೆ ಸೈಟೂ ಇಲ್ಲ, ಇಮೇಲೂ ಇಲ್ಲ. ಪಾಸ್‌ವರ್ಡ್ ಬದಲಿಸೋಣವೆಂದರೆ ಕೋಡ್ ಹೋಗುವುದು ಸತ್ತ ಆ ವಿಳಾಸಕ್ಕೇ. ಕೀಲಿಕೈ ಒಳಗಿಟ್ಟು ಬಾಗಿಲೆಳೆದುಕೊಂಡ ಹಾಗೆ. ಗುರುತಿನ ದಾಖಲೆ ಕಳಿಸಿ, ಮೂರು ದಿನ ಕಾದು, ಡೊಮೇನ್ ಬೇರೆಯವರ ಪಾಲಾಗುವ ಮೊದಲು ಹೇಗೋ ಉಳಿಸಿಕೊಂಡೆ. ಆ ಲಾಗಿನ್‌ಗೆ ಈಗ ಬೇರೆ ಇಮೇಲ್ ಇದೆ. ಅದು ಒಂದು ದೊಡ್ಡ ಕಂಪನಿಯದೇ, ನಗುವವರು ನಗಲಿ.

ಮ್ಯಾಸ್ಟಡಾನ್‌ನಲ್ಲೂ ಇದ್ದೇನೆ, ಅದು ಒಂದೇ ಕಂಪನಿಯ ಕೈಯಲ್ಲಿರದೆ ಹಲವು ಸರ್ವರ್‌ಗಳಲ್ಲಿ ಹರಡಿದ ಜಾಲತಾಣ. ಅಲ್ಲಿ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋದರೆ ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ನನಗೆ ಅದು ಹೇಳಿಮಾಡಿಸಿದಂತಿದೆ, ಪೋಸ್ಟ್‌ಗಳು ಹೇಗೂ ನನ್ನ ಸೈಟಿನಲ್ಲಿವೆ. ಚಿತ್ರಕ್ಕೆ ಕ್ರಿಟಾ ಎಂಬ ಉಚಿತ ತಂತ್ರಾಂಶ ಹಿಡಿದೆ. ಕೈ ಹೊಂದಿಕೊಳ್ಳಲು ಆರು ವಾರ ಬೇಕಾಯಿತು, ಶಾರ್ಟ್‌ಕಟ್‌ಗಳಿಗೆ ಇನ್ನೂ ತಡವರಿಸುತ್ತೇನೆ. ವಾಟ್ಸ್ಯಾಪ್ ಬಿಡಲಾಗಿಲ್ಲ, ಕ್ಲೈಂಟ್‌ಗಳು ಅಲ್ಲಿದ್ದಾರೆ.

ಹೊಸ ಕೆಲಸ ಕೇಳಿ ಬರುವವರು ಕಡಿಮೆಯಾದರು, ಅದನ್ನು ಮುಚ್ಚಿಡುವುದಿಲ್ಲ. ಮೊದಲ ಆರು ತಿಂಗಳು ಅಪರಿಚಿತರಿಂದ ಒಂದೇ ವಿಚಾರಣೆ. ಆದರೆ ಪ್ರಿಂಟ್‌ಗಳನ್ನು ಈ 340 ಜನ ಕೊಂಡಷ್ಟು ಆ 11,000 ಜನ ಯಾವತ್ತೂ ಕೊಂಡಿರಲಿಲ್ಲ.

ಹಳೆಯ ಖಾತೆ ಅಳಿಸಿಲ್ಲ. ಅಳಿಸಿದರೆ ಆ ಹೆಸರಲ್ಲಿ ಬೇರೆ ಯಾರಾದರೂ ಕೂತು ನನ್ನ ಹೆಸರಿನಲ್ಲಿ ವ್ಯಾಪಾರ ಮಾಡಬಹುದೆಂಬ ಭಯ. ಎಲ್ಲ ಪೋಸ್ಟ್ ತೆಗೆದು ಒಂದೇ ಚಿತ್ರ ಉಳಿಸಿದ್ದೇನೆ. ಉದ್ದಕ್ಕೆ ಹರಿಯುವ ಒಂದು ನದಿ, ಅಡ್ಡ ಹಾಳೆಯಲ್ಲಿ ಬರೆದದ್ದು. ಅಲ್ಲಿ ಅದರ ಎರಡೂ ತುದಿ ಕತ್ತರಿಸಿಹೋಗಿವೆ, ಕೆಳಗೆ ನನ್ನ ಸೈಟಿನ ವಿಳಾಸವಿದೆ.