ಶಮಾಲ್ ಗಾಳಿಗೆ ಪೈಪ್ ನೆಟ್ಟು ಕೂತ ನನ್ನ ಅನುಭವ

ನಮ್ಮೂರು ಮರವಂತೆ ಹತ್ರ, ಹುಟ್ಟಿದಾಗಿಂದ ಕಡಲ ಮರಳು ನೋಡ್ಕೊಂಡೇ ಬೆಳೆದಿದ್ದು. ಜೂನಲ್ಲಿ ತೆಂಗಿನಮರ ಬಗ್ಗೋ ಅಷ್ಟು ಗಾಳಿ ಬೀಸಿದ್ರೂ ದಡದ ಮರಳು ಹಾರಿ ಮನೆಯೊಳಗೆ ಬಂದಿದ್ದಿಲ್ಲ, ಯಾಕೆ ಅಂತ ಯಾವತ್ತೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ಸೌದಿಯ ಪೂರ್ವದಲ್ಲಿ ಮರಳುಗಾಡಿನ ನಡುವಿನ ಹಸಿರುತಾಣ ಅಲ್ ಅಹ್ಸಾಗೆ ಫೀಲ್ಡ್ ಟೆಕ್ನಿಷಿಯನ್ ಆಗಿ ಬಂದ ಮೇಲೇ ಅದು ಅರ್ಥ ಆಗಿದ್ದು.

ಇಲ್ಲಿ 25 ಲಕ್ಷ ಖರ್ಜೂರದ ಮರ ಅಂತಾರೆ, ಅದರ ಅಂಚಿಗೇ ಮರಳುಗುಡ್ಡ. ಗುಡ್ಡ ತೋಟದ ಮೇಲೆ ಬರದ ಹಾಗೆ 1962ರಿಂದಾನೇ ಅಥ್ಲ್ ಅನ್ನೋ, ಮರಳಲ್ಲೂ ಬದುಕೋ ಮರ ಸಾಲುಸಾಲಾಗಿ ನೆಟ್ಟಿದಾರೆ. ನನ್ ಕೆಲಸ ಗಾಳಿ ಜೊತೆ ಎಷ್ಟು ಮರಳು ಬರತ್ತೆ ಅಂತ ಹಿಡಿದು ತೂಕ ಮಾಡೋದು.

ಟ್ರ್ಯಾಪ್ ನಾವೇ ಮಾಡ್ಕೊಂಡಿದ್ದು. ಪಿವಿಸಿ ಪೈಪಿನ ಅರ್ಧ ನೆಲದೊಳಗೆ ಹೂತು, ಮೇಲಿನ ಅರ್ಧಕ್ಕೆ ಗಾಳಿ ಬರೋ ಕಡೆ ಉದ್ದಕ್ಕೆ ಸೀಳು, ಹಿಂದುಗಡೆ ಇನ್ನೊಂದು ಸೀಳಿಗೆ ಸಣ್ಣ ಜಾಲರಿ, ಗಾಳಿ ಹೋಗ್ಲಿ ಮರಳು ಕೆಳಗೆ ಬೀಳ್ಲಿ ಅಂತ. ತುಂಬಾ ಎತ್ತರ ಏನ್ ಬೇಡ, ಮರಳು ಕುಪ್ಪಳಿಸ್ಕೊಂಡು ಹೋಗೋದು ಹೆಚ್ಚಿನಂಶ ಮೊಣಕಾಲಿಗಿಂತ ಕೆಳಗೇ. ಮೊದಲ ವಾರದ ಲೆಕ್ಕ ಪೂರ್ತಿ ದಂಡ ಆಯ್ತು, ಪೈಪ್ ಬುಡದ ಸುತ್ತ ಗಾಳಿ ಗುಂಡಿ ತೋಡಿ ಸೀಳಿನ ಕೆಳಗಿಂದಾನೇ ಮರಳು ದಾಟಿಹೋಗ್ತಿತ್ತು. ಆಮೇಲೆ ದಿನಾ ಸಂಜೆ ಬುಡ ಸಮ ಮಾಡೋದೇ ಒಂದು ಕೆಲಸ.

ಇನ್ನೊಂದು ತಪ್ಪು ನನ್ದೇ. ದಿನದ ಸರಾಸರಿ ಗಾಳಿ ತಗೊಂಡು ತೂಕದ ಜೊತೆ ಹೊಂದಿಸೋಕೆ ಹೋದೆ, ಹೊಂದ್ಲೇ ಇಲ್ಲ. ಶಮಾಲ್ ಅಂದ್ರೆ ಅರಬ್ಬಿಯಲ್ಲಿ ಬಡಗು, ಈ ಬಡಗಾಳಿ ಹಗಲು ಏಳತ್ತೆ, ರಾತ್ರಿ ಸುಮಾರಾಗಿ ಮಲಗತ್ತೆ, ಎರಡನ್ನೂ ಕೂಡಿಸಿ ಭಾಗಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ನಂಬರ್ ಬರತ್ತೆ. ಗಂಟೆಗೆ ಸುಮಾರು 20 ಕಿ.ಮೀ. ದಾಟೋವರೆಗೂ ಒಣ ಮರಳು ಅಲ್ಲಾಡಲ್ಲ, ದಾಟಿದ ಮೇಲೆ ಗಾಳಿ ಎರಡುಪಟ್ಟಾದ್ರೆ ಮರಳು ಹೆಚ್ಚುಕಮ್ಮಿ ಎಂಟುಪಟ್ಟು. ಅಂದ್ರೆ ಮಧ್ಯಾಹ್ನದ ಎರಡು ಮೂರು ಗಂಟೇಲಿ ಇಡೀ ದಿನದ ಮರಳು ಬಂದುಬಿಡತ್ತೆ. ಹತ್ತು ಹತ್ತು ನಿಮಿಷದ ರೀಡಿಂಗ್ ತಗೊಂಡಾಗ ಲೆಕ್ಕ ಕೂತ್ಕೊಳ್ತು.

ಆದ್ರೂ ಜನವರೀಲಿ ಒಂದಿನ ಜೋರು ಗಾಳಿ ಇದ್ರೂ ಪೈಪ್ ಖಾಲಿ! ಹಿಂದಿನ ದಿನ ಮಳೆ ಬಂದಿತ್ತು, ಮೇಲೆ ತೆಳ್ಳಗೆ ಹಪ್ಪಳದ ಥರ ಗಟ್ಟಿ ಆಗಿತ್ತು, ನೀರಿನ ಪಸೆ ಕಾಳು ಕಾಳನ್ನ ಹಿಡ್ಕೊಂಡಿತ್ತು. ಆಗ ಹೊಳೀತು ಊರಿನ ವಿಷಯ. ನಮ್ಮಲ್ಲಿ ಗಾಳಿ ಜೋರಾಗೋದೂ ಮಳೆ ಬರೋದೂ ಒಟ್ಟಿಗೇ, ಇಲ್ಲಿ ಮಳೆ ಬರೋ ಅಷ್ಟಿಷ್ಟೂ ಚಳಿಗಾಲಕ್ಕೆ, ಶಮಾಲ್ ಜೋರಾಗೋದು ಜೂನ್ ಆಸುಪಾಸು, ನೆಲ ಪೂರ್ತಿ ಒಣಗಿರೋ ಹೊತ್ತಿಗೆ. ಬರೀ ಗಾಳಿಯ ವೇಗ ನೋಡ್ತಾ ಕೂತ್ರೆ ಇದು ಸಿಗಲ್ಲ.

ಅದಕ್ಕೇ ಮರಳು ತಡೆಯೋ ಬೇಲಿ ಕೆಲಸ ಏಪ್ರಿಲ್ ಒಳಗೆ ಮುಗಿಸಿಬಿಡ್ತೀವಿ. ಒಣಗಿದ ಖರ್ಜೂರದ ಗರಿ, ಅರ್ಧದಷ್ಟು ಸಂದು ಬಿಟ್ಟು. ಸಂದಿಲ್ಲದೆ ಕಟ್ಟಿದ್ರೆ ಗಾಳಿ ಮೇಲೆ ಹಾರಿ ಹಿಂದುಗಡೆ ಸುಳಿ ಎಬ್ಸತ್ತೆ, ಸಂದಿದ್ರೆ ನಿಧಾನ ಆಗಿ ಮರಳು ಅಲ್ಲೇ ಇಳಿಸಿ ಹೋಗತ್ತೆ. ಹಂಗೆ ಇಳಿಸಿದ್ದೇ ಸೇರಿ ಜುಲೈ ಕೊನೆಗೆ ಬೇಲೀನೇ ಮುಕ್ಕಾಲು ಹೂತಿರತ್ತೆ, ಅದರ ತಲೆ ಮೇಲೆ ಇನ್ನೊಂದು ಸಾಲು ಗರಿ ಸಿಗಿಸ್ತೀವಿ.