ಕರಿ ಕಂಬಳಿಯ ಮೇಲಿನ ಕವಳದ ಕಲೆ: ಪ್ರೊಫೈಲ್ ತೆಗೆದ ಬಗೆ

ಮಲೆನಾಡಿನ ಹಳೇ ಕೊಲೆ ಪ್ರಕರಣದ ಕಂಬಳಿ ಬಂತು ಎಂದರೆ ನಮ್ಮ ಫೊರೆನ್ಸಿಕ್ ಡಿಎನ್‌ಎ ಕಸುಬಿನವರಲ್ಲಿ ಹತ್ತಕ್ಕೆ ಎಂಟು ಜನ ಮುಟ್ಟುವ ಮುಂಚೆಯೇ ಕೈಚೆಲ್ಲುತ್ತಾರೆ. ಕರಿ ಉಣ್ಣೆ, ಕವಳದ (ಎಲೆ, ಅಡಿಕೆ, ಸುಣ್ಣ ಜಗಿದ) ಉಗುಳು, ಠಾಣೆಯ ಮೂಲೆಯಲ್ಲಿ ಇಪ್ಪತ್ತು ಮಳೆಗಾಲ. ಮೂರೂ ಸೇರಿದರೆ ಡಿಎನ್‌ಎ ಬರುವುದಿಲ್ಲ ಎಂಬುದು ವಾಡಿಕೆಯ ಮಾತು. ನನಗೆ ಬಂದಿದೆ. ವ್ಯಕ್ತಿಯ ಗುರುತಿಗೆ ನೋಡುವ 21 ಆಟೋಸೋಮಲ್ ಮಾರ್ಕರ್‌ಗಳಲ್ಲಿ (ಲಿಂಗ ಕ್ರೋಮೋಸೋಮಿನ ಹೊರಗಿರುವ ಡಿಎನ್‌ಎ ಜಾಗಗಳು) 16 ಗಟ್ಟಿಯಾಗಿ ನಿಂತಿವೆ. ಈ ಗುರುತುಗಳ ಪಟ್ಟಿಯೇ ಪ್ರೊಫೈಲ್.

ಪ್ರಕರಣ ಶಿವಮೊಗ್ಗ ಜಿಲ್ಲೆಯ ಘಟ್ಟದ ಅಂಚಿನ ಒಂದು ಅಡಿಕೆ ತೋಟದ್ದು. ಆರೋಪಿ ಪತ್ತೆಯಾಗದೆ ಸಿ ರಿಪೋರ್ಟ್ ಆಗಿ ಮುಚ್ಚಿತ್ತು. ಊರಲ್ಲಿ ಮೂರು ವಾದ ಓಡಾಡುತ್ತಿದ್ದವು: ಪಾಲಿನ ಜಗಳದಲ್ಲಿ ಮನೆಯವರೇ ಮಾಡಿದ್ದು, ಗಡಿಬೇಲಿಯ ತಕರಾರಿನಲ್ಲಿ ಪಕ್ಕದ ತೋಟದವರು ಮಾಡಿದ್ದು, ಅಡಿಕೆಗೊನೆ ಕೊಯ್ಲಿಗೆ ಬಂದ ಹೊರಗಿನ ಆಳು ದುಡ್ಡಿಗಾಗಿ ಮಾಡಿದ್ದು. ಹೆಣದ ಪಕ್ಕ ಸಿಕ್ಕಿದ್ದ ಕಂಬಳಿಕೊಪ್ಪೆ (ಮಳೆಗೆ ತಲೆಯಿಂದ ಹೊದೆಯುವ ಕಂಬಳಿ) ಸತ್ತವರದ್ದಲ್ಲ ಎಂದು ಮಹಜರಿನಲ್ಲೇ ಬರೆದಿತ್ತು. ಹೆಚ್ಚಿನ ತನಿಖೆಗೆ ಅನುಮತಿ ಸಿಕ್ಕ ಮೇಲೆ ಅದು ನಮ್ಮ ಮೇಜಿಗೆ ಬಂತು.

ಬಂದದ್ದು ಪ್ಲಾಸ್ಟಿಕ್ ಕವರಿನಲ್ಲಿ. ಒಳಗೆಲ್ಲ ಬೂಷ್ಟು. ನೀವು ಏನೇ ಮಾಡಿ, ಮೊದಲು ಕಾಗದದ ಲಕೋಟೆಗೆ ಬದಲಾಯಿಸಿ, ಬದಲಾಯಿಸಿದ್ದಕ್ಕೆ ಹೊಸ ಮೊಹರು ಹಾಕಿ, ಅದನ್ನೂ ಬರೆದಿಡಿ. ಇಲ್ಲದಿದ್ದರೆ ಮುಂದೆ ಎಷ್ಟು ಒಳ್ಳೆ ಪ್ರೊಫೈಲ್ ತೆಗೆದರೂ ಪಾಟೀಸವಾಲಿನಲ್ಲಿ ಉದುರಿಹೋಗುತ್ತದೆ.

ಕಲೆ ಹುಡುಕುವುದೇ ಮೊದಲ ಸೋಲು. ನೀಲಿ ಬೆಳಕು, ಕಿತ್ತಳೆ ಕನ್ನಡಕ ಹಾಕಿ ನೋಡಿದರೆ ಕರಿ ಉಣ್ಣೆ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಜೊಲ್ಲಿನ ಎನ್‌ಜೈಮಾದ ಅಮೈಲೇಸ್ ಇದ್ದರೆ ಬಣ್ಣ ಬಿಡುವ ಕಾಗದ ಒತ್ತಿದೆ, ನಲವತ್ತು ನಿಮಿಷವಾದರೂ ಬಣ್ಣ ಬಿಡಲಿಲ್ಲ. ಅಡಿಕೆಯ ಒಗರು ಆ ಎನ್‌ಜೈಮನ್ನು ಹಿಡಿದುಹಾಕುತ್ತದೆ. ಹಾಗಾಗಿ ಕವಳದ ಕಲೆಯಲ್ಲಿ ಅಮೈಲೇಸ್ ನೆಗೆಟಿವ್ ಬಂದರೆ ಅದಕ್ಕೆ ಅರ್ಥವೇ ಇಲ್ಲ. ದಾರಿ ತೋರಿಸಿದ್ದು ಸುಣ್ಣ. ಬೆಳಕನ್ನು ಅಡ್ಡಡ್ಡ ಬಿಟ್ಟು ಹತ್ತು ಪಟ್ಟಿನ ಲೆನ್ಸಿನಲ್ಲಿ ನೋಡಿದರೆ ಎಳೆಗಳ ನಡುವೆ ಬಿಳಿ ಹರಳು ಸಿಕ್ಕಿಕೊಂಡಿರುತ್ತವೆ, ಸುತ್ತ ಕೆಂಪುಗಂದು ಪೊರೆ ಒಣಗಿ ಬಿರಿದಿರುತ್ತದೆ. ಅದೇ ಜಾಗ. ಅಂಥ ಮೂರು ಜಾಗ ಸಿಕ್ಕವು, ದೊಡ್ಡದು ಹೆಬ್ಬೆರಳಿನ ಉಗುರಿನಷ್ಟು.

ಮೊದಲ ಸುತ್ತು ಪೂರ್ತಿ ಹಾಳು. ಐದು ಮಿಲಿಮೀಟರಿನ ಚೌಕ ಕತ್ತರಿಸಿ, ಮಾಮೂಲಿ ಲೈಸಿಸ್ ಬಫರ್ (ಜೀವಕೋಶ ಒಡೆಯುವ ದ್ರಾವಣ), ಪ್ರೋಟೀನೇಸ್-ಕೆ (ಪ್ರೋಟೀನ್ ಕರಗಿಸುವ ಎನ್‌ಜೈಮ್), ಜೊತೆಗೆ ಡಿಟಿಟಿ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಟ್ಯೂಬಿನಲ್ಲಿ ಕಷಾಯ. ಡಿಟಿಟಿ ಉಣ್ಣೆಯ ಕೆರಾಟಿನ್ನಿನ ಗಂಧಕದ ಕೊಂಡಿ ಮುರಿಯುತ್ತದೆ, ಕೂದಲೇ ಕರಗಿ ಒಳಗಿನ ಮೆಲನಿನ್ ಎಲ್ಲ ಹೊರಗೆ ಬರುತ್ತದೆ. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ಗೆ ಈ ಕಪ್ಪು ಬಣ್ಣದ ಮೆಲನಿನ್ ವಿಷ. ಅಡಿಕೆಯ ಒಗರಾದ ಟ್ಯಾನಿನ್ನೂ ವಿಷವೇ, ಸುಣ್ಣದ ಕ್ಯಾಲ್ಸಿಯಂ ಬೇರೆ ಪಿಸಿಆರ್‌ಗೆ ಬೇಕಾದ ಮೆಗ್ನೀಷಿಯಂ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಒಂದೇ ಟ್ಯೂಬಿನಲ್ಲಿ ಮೂರು ಶತ್ರು. ಯಾವ ಜೀವಿಯದ್ದೆನ್ನದೆ ಅಳೆಯುವ ಫ್ಲೋರೋಮೀಟರಿನಲ್ಲಿ ಡಿಎನ್‌ಎ ಧಂಡಿಯಾಗಿ ತೋರಿಸಿತು, ಅಷ್ಟೂ ಕುರಿಯದ್ದು, ಬೂಷ್ಟಿನದ್ದು. ಮನುಷ್ಯನದ್ದನ್ನು ಮಾತ್ರ ಎಣಿಸುವ ಕ್ವಾಂಟ್‌ನಲ್ಲಿ ಸೊನ್ನೆ, ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತೋರಿಸುವ ಒಳ ಕಂಟ್ರೋಲೂ ಎದ್ದಿರಲಿಲ್ಲ. ಈ ಸುತ್ತಿಗೇ ನಲವತ್ತು ಸಾವಿರದ ಹತ್ತಿರ ಹೋಯಿತು.

ಅದೇ ಎಕ್ಸ್‌ಟ್ರ್ಯಾಕ್ಟನ್ನು (ಡಿಎನ್‌ಎ ತೆಗೆದ ದ್ರಾವಣ) ಐದು ಪಟ್ಟು ತೆಳು ಮಾಡಿ ಮತ್ತೆ ಓಡಿಸಿದಾಗ ಸಣ್ಣ ಅಂಕಿ ಬಂತು. ಅಂದರೆ ಡಿಎನ್‌ಎ ಇದೆ, ಏನೋ ಅದರ ಬಾಯಿ ಕಟ್ಟಿದೆ. ತೆಳು ಮಾಡುವುದು ರೋಗ ಪತ್ತೆಗೆ ಒಳ್ಳೆಯದು, ಮದ್ದಲ್ಲ. ಇಷ್ಟು ಕಡಿಮೆ ಇರುವಾಗ ತೆಳು ಮಾಡಿ ಪ್ರೊಫೈಲಿಗೆ ಹೋದರೆ ಅಲೀಲ್‌ಗಳು (ಒಂದು ಮಾರ್ಕರಿನಲ್ಲಿ ಸಿಗುವ ಬಗೆಗಳು) ಒಂದೊಂದಾಗಿ ಬಿದ್ದುಹೋಗುತ್ತವೆ.

ಎರಡನೇ ಸುತ್ತಿನಲ್ಲಿ ಬಟ್ಟೆ ಕತ್ತರಿಸಲಿಲ್ಲ. ಹೊಸ ಬ್ಲೇಡಿನಿಂದ ಮೇಲ್ಮೈಯ ಪೊರೆಯನ್ನಷ್ಟೇ ಹೆರೆದೆ, ಒಂದು ಟ್ಯೂಬಿಗೆ ಹತ್ತು ಮಿಲಿಗ್ರಾಮಿಗಿಂತ ಕಡಿಮೆ. ಉಣ್ಣೆ ಕಡಿಮೆಯಾದಷ್ಟೂ ಕೆಲಸ ಹಗುರ. ಮೊದಲು 0.5 ಮೋಲಾರ್, ಪಿಎಚ್ 8ರ, ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಡಿಟಿಎ 300 ಮೈಕ್ರೋಲೀಟರ್ ಹಾಕಿ ಹತ್ತು ನಿಮಿಷ ಇಟ್ಟೆ, ಸುಣ್ಣ ಕರಗಿತು. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ನೀರು ತೆಗೆಯಿರಿ, ಚೆಲ್ಲಬೇಡಿ, ಅದರಿಂದಲೂ ಸ್ವಲ್ಪ ಸಿಕ್ಕಿದೆ. ಇಡಿಟಿಎ ಹೆಚ್ಚು ಉಳಿದರೆ ಅದೂ ಮೆಗ್ನೀಷಿಯಂ ಕಸಿದುಕೊಳ್ಳುತ್ತದೆ, ಮುಂದಿನ ತೊಳೆತದಲ್ಲಿ ಜಿಪುಣತನ ಬೇಡ. ಆಮೇಲೆ ಎಸ್‌ಡಿಎಸ್ (ಡಿಟರ್ಜೆಂಟ್) ಬಫರ್, ಮಿಲಿಲೀಟರಿಗೆ 20 ಮಿಲಿಗ್ರಾಂ ಬಲದ ಪ್ರೋಟೀನೇಸ್-ಕೆ 20 ಮೈಕ್ರೋಲೀಟರ್, ಡಿಟಿಟಿ ಬೇಡವೇ ಬೇಡ. ಮತ್ತೆ ನೂರಕ್ಕೆ ಎರಡರಷ್ಟು ಪಿವಿಪಿ, ಅಂದರೆ ಒಗರನ್ನು ಹಿಡಿದುಕೊಳ್ಳುವ ಪಾಲಿಮರ್. ಇದು ಗಿಡದವರ ವಿದ್ಯೆ, ಒಗರು ತುಂಬಿದ ಎಲೆಯಿಂದ ಡಿಎನ್‌ಎ ತೆಗೆಯುವವರು ಹಿಂದಿನಿಂದ ಬಳಸುತ್ತಾರೆ, ನಮ್ಮವರು ತಿರುಗಿ ನೋಡಿರಲಿಲ್ಲ. ಪಿವಿಪಿ ಹಾಕಿದ ಟ್ಯೂಬಿಗೆ ಫೀನಾಲ್ ಸುರಿಯಬೇಡಿ, ಅದು ಫೀನಾಲನ್ನೇ ಹಿಡಿದು ಕೂರುತ್ತದೆ, ಪದರ ಬೇರೆಯಾಗುವುದಿಲ್ಲ. ಡಿಎನ್‌ಎಯನ್ನು ಅಂಟಿಸಿಕೊಳ್ಳುವ ಮ್ಯಾಗ್ನೆಟಿಕ್ ಬೀಡ್ಸ್‌ಗೇ ಹೋಗಿ. 56 ಡಿಗ್ರಿಯಲ್ಲಿ ಎರಡು ಗಂಟೆ ಸಾಕು, ಮೂರು ದಾಟಿದರೆ ಮತ್ತೆ ಬಣ್ಣ ಇಳಿಯಲು ಶುರು.

ಬೀಡ್ಸ್‌ನ ಎರಡನೇ ತೊಳೆತಕ್ಕೆ ನಾನು ಒಂದು ಚಿಕ್ಕ ಬದಲಾವಣೆ ಮಾಡಿದ್ದೇನೆ, ಕೊನೆಯ ಕಂದು ಛಾಯೆ ಹೋದದ್ದು ಅದರಿಂದ. ಕೋರ್ಟಿಗೆ ಹೋದ ವರದಿಯಲ್ಲಿ ಅದು ಪೂರ್ತಿ ಇದೆ, ಇಲ್ಲಿ ಬರೆಯುವುದಿಲ್ಲ.

ಕೊನೆಗೆ ಸಿಕ್ಕಿದ್ದು ಮೈಕ್ರೋಲೀಟರಿಗೆ 0.04 ನ್ಯಾನೋಗ್ರಾಂ ಆಸುಪಾಸು, ಡಿಗ್ರೇಡೇಶನ್ ಇಂಡೆಕ್ಸ್ (ಡಿಎನ್‌ಎ ಎಷ್ಟು ತುಂಡಾಗಿದೆ ಎಂಬ ಅಳತೆ) ಆರೋ ಏಳೋ. 24 ಮಾರ್ಕರಿನ ಕಿಟ್ಟಿಗೆ (21 ಆಟೋಸೋಮಲ್, ಉಳಿದ ಮೂರು ಗಂಡೋ ಹೆಣ್ಣೋ ತಿಳಿಯಲು) ಪೂರ್ತಿ 15 ಮೈಕ್ರೋಲೀಟರ್ ಹಾಕಿ ಮೂರು ಸಲ ಓಡಿಸಿದೆ, ಎರಡು ಸಲವಾದರೂ ಕಂಡ ಅಲೀಲನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. ಎಸ್‌ಇ33, ಟಿಪಿಒಎಕ್ಸ್, ಸಿಎಸ್‌ಎಫ್1ಪಿಒದಂಥ ಉದ್ದದ ಮಾರ್ಕರ್‌ಗಳು ಬರಲಿಲ್ಲ, ಬರುವ ನಿರೀಕ್ಷೆಯೂ ಇರಲಿಲ್ಲ. ಒಬ್ಬನೇ ಗಂಡಸಿನ ಪ್ರೊಫೈಲ್, ಸತ್ತವರದ್ದಲ್ಲ. ಕೊಪ್ಪೆಯ ತಲೆಭಾಗದ ಒಳಗೆ ಒರೆಸಿದ್ದರಲ್ಲಿ ಕನಿಷ್ಠ ನಾಲ್ವರ ಮಿಶ್ರಣ ಬಂತು, ಅದನ್ನು ಬಿಟ್ಟೆ. ಅಂಥ ಮಿಶ್ರಣದಿಂದ ಹೆಸರು ಹೇಳಲು ಹೋಗುವುದು ಪಾಪದ ಕೆಲಸ. ಒಟ್ಟು ಖರ್ಚು ಒಂದೂವರೆ ಲಕ್ಷ ಮುಟ್ಟಿತು.

ನಮ್ಮ ಲ್ಯಾಬಿನವರು, ಮಾಲು ಮುಟ್ಟಿದ ಪೊಲೀಸರು, ಸಿಕ್ಕಷ್ಟು ಪಂಚರು, ಎಲ್ಲರ ಮಾದರಿ ತೆಗೆದು ಹೋಲಿಸಿ. ಜರ್ಮನಿಯಲ್ಲಿ ವರ್ಷಗಟ್ಟಲೆ ಬೆನ್ನಟ್ಟಿದ ಕೊಲೆಗಾತಿ ಹತ್ತಿಕಡ್ಡಿ ಕಾರ್ಖಾನೆಯ ಕೆಲಸದವಳ ಡಿಎನ್‌ಎ ಎಂದು 2009ರಲ್ಲಿ ಗೊತ್ತಾದದ್ದು ನೆನಪಿರಲಿ. ಮಾದರಿಯೇ ಹಾಕದೆ ಓಡಿಸಿದ ನನ್ನ ಖಾಲಿ ಕಂಟ್ರೋಲ್ ಮೂರೂ ಸಲ ಖಾಲಿಯಾಗಿಯೇ ಬಂತು.

ನಡುವೆ ಒಂದು ಪಕ್ಕದ ಪರೀಕ್ಷೆ. ಹೊಸ ಕರಿ ಕಂಬಳಿ ತಂದು, ಒಪ್ಪಿದವರಿಂದ ಕವಳ ಹಾಕಿಸಿ ಉಗುಳಿಸಿ, ತುಂಡು ಮಾಡಿ ಎರಡು ಮಳೆಗಾಲ ಇಟ್ಟೆ. ಒಂದು ಒಲೆಯ ಮೇಲಿನ ಅಟ್ಟದಲ್ಲಿ, ಒಂದು ಕಾಗದದಲ್ಲಿ, ಒಂದು ಪ್ಲಾಸ್ಟಿಕ್ಕಿನಲ್ಲಿ. ಅಟ್ಟದ್ದು ಹೊಗೆಯಿಂದ ಕಪ್ಪಾದರೂ ಪ್ರೊಫೈಲ್ ಪೂರ್ತಿ ಕೊಟ್ಟಿತು. ಪ್ಲಾಸ್ಟಿಕ್ಕಿನದ್ದು ಅರ್ಧಕ್ಕಿಂತ ಕಡಿಮೆ. ಹೊಗೆಸೊಪ್ಪು ಹಾಕಿದ ಕವಳ ಇನ್ನೂ ಕಷ್ಟ, ಅದನ್ನು ಮತ್ತೆ ಮಾಡಬೇಕಿದೆ.

ಈಗ ಊರಿನ ವಾದಗಳಿಗೆ ಬರೋಣ. ಪಕ್ಕದ ತೋಟದವರ ರಕ್ತ ಕಾನೂನುಬದ್ಧವಾಗಿ ತೆಗೆದು ಹೋಲಿಸಿದರೆ ಒಂಬತ್ತು ಮಾರ್ಕರಿನಲ್ಲಿ ತಾಳೆಯಿಲ್ಲ. ಮನೆಯವರಲ್ಲಿ ಶಂಕೆ ಇದ್ದವರು ತೀರಿಕೊಂಡಿದ್ದಾರೆ, ಅವರ ಮಗನಿಂದ ವೈ-ಎಸ್‌ಟಿಆರ್ (ತಂದೆಯಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮಿನ ಪರೀಕ್ಷೆ) ಮಾಡಿದೆ, ಆ ಗಂಡುಸಂತತಿಯೇ ಅಲ್ಲ. ವೈ ತಾಳೆಯಾಗಿದ್ದರೆ ಅಣ್ಣ, ತಮ್ಮ, ಚಿಕ್ಕಪ್ಪ, ದಾಯಾದಿ ಎಲ್ಲರೂ ಒಂದೇ ಬುಟ್ಟಿಗೆ ಬೀಳುತ್ತಿದ್ದರು, ತಾಳೆಯಾಗದ್ದು ಮಾತ್ರ ಗಟ್ಟಿ ಮಾತು. ಇಪ್ಪತ್ತು ವರ್ಷ ಎರಡು ಮನೆಯವರು ಊರಿನ ಕಣ್ಣಿನಲ್ಲಿ ಹೊತ್ತ ಹೊರೆಗೆ ಈ ಕಾಗದ ಸ್ವಲ್ಪವಾದರೂ ಉತ್ತರ. ಆದರೆ ವರದಿಯಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿ ಹಾಕಿದ್ದೇನೆ: ಇದು ಕಂಬಳಿಯ ಮೇಲೆ ಉಗುಳಿದವನ ಪ್ರೊಫೈಲ್, ಕತ್ತಿ ಬೀಸಿದವನದ್ದು ಎಂದು ಇದೊಂದೇ ಹೇಳುವುದಿಲ್ಲ.

ಮೂರನೇ ವಾದದ ಆಳು ಎಲ್ಲಿಯವನೆಂದು ಕಡತದಲ್ಲಿಲ್ಲ. ಹೋಲಿಸಿ ನೋಡಲು ನಮ್ಮಲ್ಲಿ ರಾಷ್ಟ್ರಮಟ್ಟದ ಡಿಎನ್‌ಎ ಬ್ಯಾಂಕ್ ಇಲ್ಲ, ಅದಕ್ಕೆ ದಾರಿ ಮಾಡುವ 2019ರ ಡಿಎನ್‌ಎ ಮಸೂದೆಯನ್ನು 2023ರಲ್ಲಿ ವಾಪಸು ತೆಗೆದುಕೊಂಡರು. ಉಳಿದ ಎಕ್ಸ್‌ಟ್ರ್ಯಾಕ್ಟ್ ಸುಮಾರು 30 ಮೈಕ್ರೋಲೀಟರ್, ಮೈನಸ್ 20ರಲ್ಲಿದೆ. ಕಂಬಳಿಯ ಮೂರನೇ ಕಲೆಯನ್ನು ಮುಟ್ಟಿಲ್ಲ. ಸದ್ಯ ಕತ್ತಿಯ ಮರದ ಹಿಡಿಯಲ್ಲಿ ಕೆಲಸ ನಡೆದಿದೆ, ಬಿರುಕಿನ ಒಳಗೆ ಚೊಗರು (ಅಡಿಕೆಯ ಒಗರು ರಸ) ತುಂಬಿಕೊಂಡಿದೆ, ಪಿವಿಪಿ ಪ್ರಮಾಣ ಇನ್ನೂ ಹಿಡಿತಕ್ಕೆ ಬಂದಿಲ್ಲ.