ಸೇನಾ ನೆರವಿಗೆ ಮಾನವ ಹಕ್ಕುಗಳ ಷರತ್ತು ಬರೆಯುವ ಬಗೆ

ವಿದೇಶಿ ಸರ್ಕಾರಕ್ಕೆ ಕೊಡುವ ಸೇನಾ ನೆರವಿಗೆ ಷರತ್ತು ಬರೆಯಲು ಕೂತವರು, ಅದು ಯಾರನ್ನು ಕಟ್ಟಿಹಾಕಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು. ಅಮೆರಿಕದ ವಿದೇಶಿ ನೆರವು ಕಾಯ್ದೆಯ 502ಬಿ ವಿಧಿ ಇಡೀ ಸರ್ಕಾರಕ್ಕೆ ಅನ್ವಯಿಸುತ್ತದೆ. ಮಿತ್ರದೇಶವೊಂದಕ್ಕೆ ಹಕ್ಕುಗಳನ್ನು ಸತತವಾಗಿ ತುಳಿಯುವ ದೇಶವೆಂಬ ಹಣೆಪಟ್ಟಿ ಹಚ್ಚಲು ಆಡಳಿತಗಳು ಹಿಂಜರಿಯುವುದರಿಂದ ಅದರ ಬಳಕೆ ವಿರಳ. ಸೆನೆಟರ್ ಪ್ಯಾಟ್ರಿಕ್ ಲೇಹಿ ಅವರ ಹೆಸರಿನ, 1997ರಿಂದ ಜಾರಿಯಲ್ಲಿರುವ ನಿಯಮ ಇಡೀ ಸರ್ಕಾರವನ್ನಲ್ಲ, ಅದರ ಭದ್ರತಾ ಪಡೆಯ ನಿರ್ದಿಷ್ಟ ತುಕಡಿಯನ್ನು ಹಿಡಿಯುತ್ತದೆ: ಚಿತ್ರಹಿಂಸೆ, ವಿಚಾರಣೆಯಿಲ್ಲದ ಹತ್ಯೆ, ಬಲವಂತದ ಕಣ್ಮರೆ ಅಥವಾ ಅತ್ಯಾಚಾರ ಎಸಗಿದ ಬಗ್ಗೆ ನಂಬಲರ್ಹ ಮಾಹಿತಿಯಿದ್ದರೆ ಆ ತುಕಡಿಗೆ ನೆರವಿಲ್ಲ. ಸಾಧ್ಯವಾದಲ್ಲೆಲ್ಲ ಈ ಎರಡನೆಯ ಮಾದರಿಯನ್ನೇ ಆರಿಸಿಕೊಳ್ಳಿ.

ಮುಂದಿನದು ಪದಗಳ ಆಯ್ಕೆ; ಹೆಚ್ಚಿನ ಷರತ್ತುಗಳು ಸೋಲುವುದು ಇಲ್ಲಿಯೇ. ಸೇನಾ ನೆರವು ಪಡೆಯುತ್ತಿದ್ದ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನ ಸರ್ಕಾರ ಹಕ್ಕುಗಳ ಪಾಲನೆಗೆ ಗಣನೀಯ ಪ್ರಯತ್ನ ನಡೆಸುತ್ತಿದೆಯೆಂದು ಅಮೆರಿಕದ ಅಧ್ಯಕ್ಷರು ಆರು ತಿಂಗಳಿಗೊಮ್ಮೆ ದೃಢೀಕರಿಸಬೇಕೆಂದು 1981ರ ಅಮೆರಿಕದ ಕಾನೂನು ಹೇಳಿತ್ತು. ಆ ಡಿಸೆಂಬರ್‌ನಲ್ಲಿ, ಅಮೆರಿಕದ ತರಬೇತಿ ಪಡೆದ, ಎಲ್ ಸಾಲ್ವಡಾರ್ ಸೇನೆಯ ಅಟ್ಲಕಟ್ಲ್ ದಳ ಎಲ್ ಮೊಸೋಟೆ ಗ್ರಾಮದಲ್ಲಿ ಮಕ್ಕಳನ್ನೂ ಬಿಡದೆ ನೂರಾರು ಜನರನ್ನು ಕೊಂದಿತು. ಮರು ತಿಂಗಳೇ ಅಧ್ಯಕ್ಷ ರೇಗನ್ ದೃಢೀಕರಣಕ್ಕೆ ಸಹಿ ಹಾಕಿದರು. "ಪ್ರಯತ್ನ", "ಪ್ರಗತಿ" ಎಂಬ ಪದಗಳು ಅಂಥ ಸಹಿಗೂ ಎಡೆ ಮಾಡಿಕೊಡುತ್ತವೆ. ಆದ್ದರಿಂದ ಇಂಥ ಅಧಿಕಾರಿಯ ಮೇಲೆ ದೋಷಾರೋಪಣೆಯಾಗಿರಬೇಕು, ಇಂಥ ಬಂಧನಕೇಂದ್ರಕ್ಕೆ ಸ್ವತಂತ್ರ ವೀಕ್ಷಕರು ಹೋಗಿಬಂದಿರಬೇಕು ಎಂಬಂತೆ, ಹೊರಗಿನವರು ಪರಿಶೀಲಿಸಬಹುದಾದ ಕೃತ್ಯಗಳನ್ನೇ ಬರೆಯಿರಿ.

ಷರತ್ತಿನ ಬೆನ್ನಿಗೆ ತಡೆಹಿಡಿದ ಹಣವಿರಲಿ. 1989ರ ನವೆಂಬರ್‌ನಲ್ಲಿ ಅದೇ ಅಟ್ಲಕಟ್ಲ್ ದಳದ ಸೈನಿಕರು ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಪಂಥದ ಆರು ಪಾದ್ರಿಗಳನ್ನೂ ಇಬ್ಬರು ಮಹಿಳೆಯರನ್ನೂ ಕೊಂದ ಮೇಲೆ, ಅಮೆರಿಕದ ಕಾಂಗ್ರೆಸ್ ಎಲ್ ಸಾಲ್ವಡಾರ್‌ಗೆ ಹೋಗಬೇಕಿದ್ದ 8.5 ಕೋಟಿ ಡಾಲರ್ ಸೇನಾ ನೆರವಿನ ಅರ್ಧವನ್ನು ತಡೆಹಿಡಿಯಿತು.

ವಿನಾಯಿತಿಯ ಕಲಮನ್ನು ಎರಡೆರಡು ಸಲ ಓದಿ. ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಷರತ್ತನ್ನು ಬದಿಗಿಡುವ ಅಧಿಕಾರ ಕೊಟ್ಟಲ್ಲಿ ಅದು ಬಳಕೆಯಾಗದೆ ಉಳಿಯುವುದು ಅಪರೂಪ: 2000ದಲ್ಲಿ ಕೊಲಂಬಿಯಾಕ್ಕೂ 2024ರಲ್ಲಿ ಈಜಿಪ್ಟಿಗೂ ಹಣ ಹೋದದ್ದು ಹೀಗೆಯೇ. ಈ ಅಧಿಕಾರವನ್ನು ತೆಗೆದುಹಾಕಲು ಸಾಧ್ಯವಾಗದಿದ್ದರೆ ಲಿಖಿತ ಕಾರಣ, ಕಾಲಮಿತಿ, ಬಹಿರಂಗ ಪ್ರಕಟಣೆ ಈ ಮೂರನ್ನಾದರೂ ಕಡ್ಡಾಯಗೊಳಿಸಿ.

ಶಸ್ತ್ರಾಸ್ತ್ರಗಳು ಸಗಟಾಗಿ ಹೋಗುವ ದೇಶಗಳಲ್ಲಿ ಯಾವುದು ಯಾರ ಕೈ ಸೇರಿತೆಂದು ತಿಳಿಯುವುದು ಕಷ್ಟ. ಅಲ್ಲಿ ನಿಷೇಧಿತ ತುಕಡಿಗಳ ಪಟ್ಟಿಯನ್ನು ಮುಂಚಿತವಾಗಿಯೇ ಆ ಸರ್ಕಾರಕ್ಕೆ ಕೊಟ್ಟು ಒಪ್ಪಿಗೆ ಪಡೆಯಬೇಕು. ಪಟ್ಟಿಯಿಂದ ಹೊರಬರುವ ದಾರಿಯನ್ನೂ ಬರೆದಿಡಿ: ತಪ್ಪಿತಸ್ಥರ ಮೇಲೆ ನಿಷ್ಪಕ್ಷಪಾತ ತನಿಖೆ ನಡೆದು, ಅವರು ನ್ಯಾಯಾಲಯದ ಮುಂದೆ ನಿಂತು, ಅಪರಾಧಕ್ಕೆ ತಕ್ಕ ಶಿಕ್ಷೆ ಆದ ಮೇಲಷ್ಟೇ ತುಕಡಿಗೆ ನೆರವು ಮರಳಬೇಕು, ಬರಿಯ ವರ್ಗಾವಣೆಯನ್ನು ಶಿಕ್ಷೆಯೆಂದು ಎಣಿಸಬಾರದು.